ಒಂಬತ್ತು ಕಿಲೋ ಸಂಸಾರ

ನಮ್ಮ ಸೋದರಮಾವನ ಮನೆಗೆ ಹೋಗುವಾಗ ನಾನು ಆದಷ್ಟು ತೆಳ್ಳಗಿನ ಬಟ್ಟೆ ಹಾಕಿಕೊಂಡು ಹೋಗುತ್ತೇನೆ. ಸೆಖೆಗೆ ಅಂದುಕೊಂಡಿರಾ? ಜನವರಿಯಲ್ಲೂ ಹಾಗೆಯೇ ಹೋಗುತ್ತೇನೆ! ಯಾಕೆಂದರೆ ಬಾಗಿಲು ತೆರೆದ ಮಾಮ ‘ಬಾ’ ಅನ್ನುವುದಕ್ಕೆ ಮುಂಚೆಯೇ ನನ್ನ ಜಾಕೆಟ್ ಬಿಚ್ಚಿಸಿ, ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟು, ಕನ್ನಡಕವನ್ನು ಹಣೆಗೇರಿಸಿ, ಅಂಕಿ ಓದಿ, ಆಮೇಲೆ ನನ್ನನ್ನು ಮಹಾಪಾಪಿಯನ್ನು ನೋಡುವ ಹಾಗೆ ನೋಡುತ್ತಾರೆ.

“ಸಾವಿರದ ಇನ್ನೂರು ಗ್ರಾಂ! ಏನೋ ಇದು, ಜಾಕೆಟ್ಟೋ ಹಾಸಿಗೇನೋ?”

“ಮಾಮ, ನಾನು ಬಂದಿರೋದು ಕಾರಲ್ಲಿ.”

“ಕಾರು ಕೈಕೊಟ್ರೆ?”

ಅಮೆರಿಕದ ನಮ್ಮ ಈ ಬಾಸ್ಕಿಂಗ್ ರಿಡ್ಜಿನಲ್ಲಿ ಕಾರು ಕೈಕೊಟ್ಟರೆ ಫೋನ್ ಮಾಡಿ ಟೋ ಟ್ರಕ್ ಕರೆಸುತ್ತಾರೆಯೇ ಹೊರತು ಯಾರೂ ಬೆಟ್ಟ ಹತ್ತಿ ಮನೆ ಸೇರುವುದಿಲ್ಲ. ಆದರೆ ಇದನ್ನು ಮಾಮನಿಗೆ ಹೇಳುವ ಧೈರ್ಯ ಯಾರಿಗಿದೆ?

ಅವರು ಮೊದಲಿನಿಂದ ಹೀಗಿದ್ದವರಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಐಸೆಲಿನ್ನಿನ ಇಂಡಿಯನ್ ಅಂಗಡಿಯಿಂದ ಒಂದೇ ಒಂದು ಅಕ್ಕಿಮೂಟೆಯನ್ನು ಮಾಮ ಕಾರಿನವರೆಗೆ ಹೊತ್ತ ದಾಖಲೆ ಇಲ್ಲ. ಅಂಗಡಿಯ ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ಆಫೀಸಿನಿಂದ ಫೋನ್ ಬರುತ್ತಿತ್ತು. ಅವರು ಕಾರಿನಲ್ಲಿ ಕುಳಿತು ‘ಯಾ, ಯಾ, ಆಬ್ಸಲ್ಯೂಟ್ಲಿ’ ಅನ್ನುತ್ತಿದ್ದರೆ, ಅತ್ತೆ ಇಪ್ಪತ್ತು ಪೌಂಡಿನ ಮೂಟೆಯನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಬರುತ್ತಿದ್ದರು. ಅದರಲ್ಲಿ ಒಂದು ಸಲ ಫೋನಿಗೆ ಚಾರ್ಜೇ ಇರಲಿಲ್ಲ ಅನ್ನುವುದು ಆಮೇಲೆ ಬಯಲಾಯಿತು!

ಹೀಗಿದ್ದಾಗ ಅತ್ತೆಗೆ ಎದೆಯಲ್ಲಿ ಕ್ಯಾನ್ಸರಿನ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಹೋಯಿತು, ಪುಣ್ಯಕ್ಕೆ ಮತ್ತೆ ಬಂತು. ಕೀಮೋ ಕುರ್ಚಿಯಲ್ಲಿ ಗಂಟೆಗಟ್ಟಲೆ ಕುಳಿತಿರುವಾಗ ಅತ್ತೆ ಟ್ಯಾಬ್ಲೆಟ್ಟಿನಲ್ಲಿ ಆಲ್ಪ್ಸ್ ಬೆಟ್ಟಗಳ ಚಿತ್ರ ನೋಡಿ ನೋಡಿ, “ಇದೆಲ್ಲ ಮುಗಿದ್ಮೇಲೆ ನಾನು ಇಲ್ಲಿ ಎಂಟು ದಿನ ನಡೀಬೇಕು ರೀ” ಅಂದಿದ್ದರಂತೆ. ಚಿಕಿತ್ಸೆ ಮುಗಿದ ಮೇಲೆ ಡಾಕ್ಟರನ್ನು ಕೇಳಿದರೆ, ಧಾರಾಳವಾಗಿ ನಡೆಯಿರಿ, ನಡೆದಷ್ಟೂ ಒಳ್ಳೆಯದು, ಆದರೆ ಎಡ ಹೆಗಲು, ಎಡಗೈ ಮೇಲೆ ಭಾರ ಬೀಳಕೂಡದು, ಬೆನ್ನುಚೀಲದ ಮಾತೇ ಬೇಡ ಎಂದರು.

“ಅದಕ್ಕೇನು? ಇಬ್ಬರದ್ದೂ ನಾನೇ ಹೊರ್ತೀನಿ,” ಎಂದು ಮಾಮ ಅಲ್ಲೇ ಘೋಷಿಸಿಬಿಟ್ಟರು. ಅಕ್ಕಿಮೂಟೆಯ ಇತಿಹಾಸ ಬಲ್ಲ ಅತ್ತೆ ಸುಮ್ಮನೆ ಅವರ ಮುಖ ನೋಡಿದರಂತೆ.

ಮಾಮ ಒಪ್ಪಿದರೆ ಸಾಕೇ, ಮಂಡಿ ಒಪ್ಪಬೇಡವೇ? ಅರವತ್ತೊಂದು ವರ್ಷದ ಮಂಡಿ ಅದು. ಅದರ ಡಾಕ್ಟರು ಬೇರೆ. ಅವರು ಹಿಂದೆ ಮುಂದೆ ಮಡಿಸಿ, ಲಟಲಟ ಸದ್ದು ಕೇಳಿಸಿಕೊಂಡು, “ಇಪ್ಪತ್ತು ಪೌಂಡ್. ಅದರ ಮೇಲೆ ಹೊತ್ತರೆ ಹೆಲಿಕಾಪ್ಟರಿನಲ್ಲಿ ಇಳಿಯಬೇಕಾಗುತ್ತದೆ” ಎಂದರು. ಸರಿಯಾಗಿ ಒಂದು ಅಕ್ಕಿಮೂಟೆ! ಮಾಮ ಮನೆಗೆ ಬಂದು ಅದನ್ನು ಕಿಲೋಗೆ ಇಳಿಸಿದರು: ಒಂಬತ್ತು ಕಿಲೋ ಎಪ್ಪತ್ತು ಗ್ರಾಂ. ಇಬ್ಬರು ಮನುಷ್ಯರ ಬಟ್ಟೆ, ಹಾಸಿಗೆ, ಮಳೆಗೊಂದು ಚಳಿಗೊಂದು, ತಲೆಯ ಮೇಲಿನ ಸೂರು, ಎಂಟು ದಿನ, ಒಂಬತ್ತು ಕಿಲೋ. ಅದರೊಳಗೆ ಸಂಸಾರ ಹಿಡಿಸಿದರೆ ಅತ್ತೆ ಆಲ್ಪ್ಸಿಗೆ. ಹಿಡಿಸದಿದ್ದರೆ ಟ್ಯಾಬ್ಲೆಟ್ಟಿನಲ್ಲೇ ಆಲ್ಪ್ಸು. ಉಳಿದ ಎಪ್ಪತ್ತು ಗ್ರಾಂ ಅತ್ತೆಯ ಕನ್ನಡಕ ಮತ್ತು ಅದರ ಡಬ್ಬಿಗೆ ಎಂದು ಮಾಮ ಅವತ್ತೇ ಮೀಸಲಿಟ್ಟರು. ಸಂಜೆ ಕನ್ನಡಕದ ಡಬ್ಬಿಯನ್ನು ತೂಗಿ ನೋಡಿ, ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದರು.

ಅಡುಗೆಮನೆಯ ತಕ್ಕಡಿ ಐದು ಗ್ರಾಂಗೊಮ್ಮೆ ಮಾತ್ರ ಅಂಕಿ ಬದಲಿಸುತ್ತಿತ್ತು. ಇದು ಮಾಮನ ನಿದ್ದೆ ಕೆಡಿಸಿತು. ಒಂದು ಶನಿವಾರ ನಾವು ಮೂವರೂ ಓಕ್ ಟ್ರೀ ರೋಡಿನಲ್ಲಿ ದೋಸೆ ತಿಂದು ಹೊರಗೆ ಬಂದೆವು. ಮಾಮ ನೆಟ್ಟಗೆ ಎದುರಿನ ಒಡವೆ ಅಂಗಡಿಗೆ ನುಗ್ಗಿದರು. ಒಳಗೆ ಯಾರದೋ ಮದುವೆಗೆ ಬಳೆ ಆರಿಸುತ್ತಿದ್ದರು. ಕೌಂಟರಿನ ಹುಡುಗಿ ನಗುನಗುತ್ತ ಬಂದಳು. ಮಾಮ ಜೇಬಿನಿಂದ ಒಂದು ಜೊತೆ ಕಾಲುಚೀಲ ತೆಗೆದು ವೆಲ್ವೆಟ್ ಬಟ್ಟೆಯ ಮೇಲೆ ಇಟ್ಟರು.

“ಸ್ವಲ್ಪ ತೂಗಿ ಕೊಡಮ್ಮ.”

“ಅಂಕಲ್, ಇದು ಚಿನ್ನದ ತಕ್ಕಡಿ!”

“ಗೊತ್ತು. ಅದಕ್ಕೇ ನಿನ್ನ ಹತ್ರ ಬಂದಿದ್ದು.”

“ಅಂಕಲ್... ಒಗೆದಿದ್ದೀರಾ?”

“ಹೊಸದಮ್ಮ! ಲೇಬಲ್ ನೋಡು ಬೇಕಾದ್ರೆ. ಅಯ್ಯೋ, ಲೇಬಲ್ ಕತ್ತರಿಸಿಬಿಟ್ಟೆ, ಅರ್ಧ ಗ್ರಾಂ ಇತ್ತು.”

ಅವಳು ಒಳ್ಳೆಯ ಮನೆಯ ಹುಡುಗಿ, ತೂಗಿಯೇಬಿಟ್ಟಳು. ನಲವತ್ತೊಂದು ಗ್ರಾಂ, ಮೇಲೆ ಪಾಯಿಂಟ್ ಮೂರು ಆರು. ಮಾಮ ಆ ಪಾಯಿಂಟ್ ಮೂರು ಆರನ್ನು ಚೀಟಿಯಲ್ಲಿ ಬರೆದುಕೊಂಡಾಗ ಅವರ ಮುಖದಲ್ಲಿದ್ದ ತೃಪ್ತಿಯನ್ನು ಬಳೆ ಕೊಂಡವರ ಮುಖದಲ್ಲೂ ನಾನು ನೋಡಲಿಲ್ಲ. ಅತ್ತೆ ಅಷ್ಟು ಹೊತ್ತೂ ರಸ್ತೆಯ ಆಚೆ ಸೀರೆ ಅಂಗಡಿಯ ಗಾಜಿಗೆ ಮುಖ ಒತ್ತಿಕೊಂಡು, ನಮಗೂ ತಮಗೂ ಸಂಬಂಧವೇ ಇಲ್ಲದವರಂತೆ ನಿಂತಿದ್ದರು. ಹೊರಗೆ ಬಂದ ಮೇಲೆ ಒಂದೇ ಮಾತು ಕೇಳಿದರು: “ವೇಸ್ಟೇಜು ಎಷ್ಟು ಹಾಕಿದ್ರು?”

ಇನ್ನು ಬಟ್ಟೆಯ ಕಥೆ. ಬೆಟ್ಟ ಹತ್ತುವವರ ಸಾಮಾನಿನ ಅಂಗಡಿಯೊಂದಕ್ಕೆ ಹೋದಾಗ ಗಡ್ಡದ ಹುಡುಗನೊಬ್ಬ ಮೊದಲ ಪಾಠ ಹೇಳಿಕೊಟ್ಟ: ಹತ್ತಿ ಬಟ್ಟೆ ಮುಟ್ಟಲೇಬೇಡಿ. ಬೆವರು ಹೀರಿಕೊಂಡರೆ ಒಣಗುವುದಿಲ್ಲ, ಚಳಿ ಹಿಡಿಯುತ್ತದೆ. ಉಣ್ಣೆ ಹಾಕಿ, ಇಲ್ಲವೇ ರೇಷ್ಮೆ. ಐದು ದಿನ ಒಗೆಯದಿದ್ದರೂ ವಾಸನೆ ಬರುವುದಿಲ್ಲ.

ಮಾಮನ ಕಣ್ಣು ಅಗಲವಾಯಿತು. “ಲೋ, ಇದು ನಮ್ಮಜ್ಜಿಯ ಮಡಿ ಕಣೋ!”

ನಿಜವೇ! ಅವರಜ್ಜಿಯ ಕಾಲದಲ್ಲಿ ಹತ್ತಿ ಸೀರೆಯನ್ನು ದಿನಾ ಒಗೆದು ಗಳದ ಮೇಲೆ ಒಣಗಿಸಿ ಉಟ್ಟರೆ ಮಾತ್ರ ಮಡಿ. ರೇಷ್ಮೆಗೂ ಉಣ್ಣೆಗೂ ಆ ಗೋಳಿಲ್ಲ, ಅವು ಯಾವಾಗಲೂ ಮಡಿ. ಮಳೆಗಾಲದಲ್ಲಿ ಏನೂ ಒಣಗದಿದ್ದರೆ ಅಜ್ಜಿ ಧಾವಳಿ ಎಂಬ ಉಣ್ಣೆಯ ಬಟ್ಟೆ ಸುತ್ತಿಕೊಂಡು ಒಲೆಯ ಮುಂದೆ ಕೂರುತ್ತಿದ್ದರಂತೆ. ಇದನ್ನೆಲ್ಲ ಮಾಮ ಆ ಹುಡುಗನಿಗೆ ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಿವರಿಸಿದರು. ಅವನು ಭಕ್ತಿಯಿಂದ ಕೇಳಿ, “ನಿಮ್ಮ ಅಜ್ಜಿ ಯಾವ ಯಾವ ಬೆಟ್ಟ ಹತ್ತಿದ್ದರು, ಸರ್?” ಎಂದ.

“ಬೆಟ್ಟ? ಅಡುಗೆಮನೆ ಹೊಸ್ತಿಲು ದಾಟಿದವಳಲ್ಲ!”

ತಲಾ ಎರಡು ಉಣ್ಣೆಯ ಅಂಗಿ ಬಂದವು. ಅವತ್ತಿನಿಂದ ಪರೀಕ್ಷೆಗೆಂದು ಮಾಮ ಒಂದೇ ಅಂಗಿಯನ್ನು ಐದು ದಿನ ಹಾಕಿಕೊಂಡರು. ಆರನೆಯ ದಿನ ಅತ್ತೆ ನನಗೆ ಫೋನ್ ಮಾಡಿ, “ಮಡಿ ಹೆಸರಲ್ಲಿ ಸ್ನಾನ ಬಿಟ್ಟ ಮೊದಲನೇ ಮನುಷ್ಯ ಕಣೋ ನಿಮ್ಮ ಮಾಮ. ಬಂದು ಬುದ್ಧಿ ಹೇಳು” ಅಂದರು.

ಮಳೆಗೆ ಪ್ಯಾಂಟ್ ತೂಕವಾಯಿತೆಂದು, ಸೊಂಟಕ್ಕೆ ಸುತ್ತಿಕೊಳ್ಳುವ ಪ್ಲಾಸ್ಟಿಕ್ ಬಟ್ಟೆಯೊಂದು ಬಂತು. ಅರವತ್ತು ಗ್ರಾಂ. ಅಮೆರಿಕದವರು ಅದಕ್ಕೆ ಏನೇನೋ ಹೆಸರಿಟ್ಟಿದ್ದಾರೆ. ಮಾಮ ಅದನ್ನು ಉಟ್ಟು, ಒಂದು ಕ್ಷಣ ಯೋಚಿಸಿ, ಕೆಳಗಿನಿಂದ ಎತ್ತಿ ಮಂಡಿಯ ಮೇಲಕ್ಕೆ ಕಟ್ಟಿದರು. “ಪಂಚೆ! ಇದಕ್ಕೆ ಮೂವತ್ತೈದು ಡಾಲರು ಕೊಟ್ಟೆನಲ್ಲೋ!”

ಡೇರೆಯ ವಿಷಯ ಇದಕ್ಕಿಂತ ದೊಡ್ಡದು. ಆರು ರಾತ್ರಿ ದಾರಿಯ ಊರುಗಳ ವಸತಿಮನೆಗಳಲ್ಲಿ. ಅವು ನಮ್ಮ ಛತ್ರಗಳಂತೆಯೇ: ಸಾಲಾಗಿ ಹಾಸಿಗೆ, ಗಂಟೆ ಹೊಡೆದಾಗ ಊಟ. ಅಲ್ಲಿ ಜಾಗ ಸಿಗದ ಉಳಿದ ಎರಡು ರಾತ್ರಿಗೆ ಮಾತ್ರ ಡೇರೆ ಬೇಕು. ಮಾಮ ತಿಂಗಳುಗಟ್ಟಲೆ ಶೋಧಿಸಿ, ಕಂಬಗಳೇ ಇಲ್ಲದ, ನಡೆಯುವ ಕೋಲುಗಳನ್ನೇ ಊರಿ ನಿಲ್ಲಿಸುವ ಒಂದು ಡೇರೆ ತರಿಸಿದರು. ಮಡಿಸಿದರೆ ಒಂದು ಸೋರೆಕಾಯಿಯಷ್ಟು. ಮಳೆಯನ್ನು ತಡೆಯುತ್ತದೋ ಇಲ್ಲವೋ ನೋಡಬೇಕೆಂದು ಹಿತ್ತಲ ಹುಲ್ಲಿನ ಮೇಲೆ ಹಾಕಿ, ಒಳಗೆ ಮಲಗಿ, ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರನ್ನು ಅತ್ತೆಯ ಕೈಯಲ್ಲಿ ಆನ್ ಮಾಡಿಸಿದರು. ಹೀಗೆ ಮೂರು ದಿನ. ನಾಲ್ಕನೆಯ ದಿನ ಪಕ್ಕದ ಮನೆಯ ಬಿಳಿಯ ಹೆಂಗಸು ಬಾಳೆಹಣ್ಣಿನ ಬ್ರೆಡ್ ಮಾಡಿಕೊಂಡು ಬಂದು, ಅತ್ತೆಯ ಕೈ ಹಿಡಿದು, ಮೆಲುದನಿಯಲ್ಲಿ ಹೇಳಿದಳು: “ಸಂಸಾರ ಅಂದ ಮೇಲೆ ಇದೆಲ್ಲ ಇರುತ್ತೆ. ಹೊರಗೆ ಹಾಕಿದ್ದು ಸರಿಯೇ ಇರಬಹುದು. ಆದರೆ ನೀರು ಬಿಡೋದು ಸ್ವಲ್ಪ ಜಾಸ್ತಿ ಆಯ್ತೇನೋ!”

ಬ್ರೆಡ್ ತುಂಬ ಚೆನ್ನಾಗಿತ್ತು. ಹಾಗಾಗಿ ಅತ್ತೆ ನಿಜ ಹೇಳಲು ಹೋಗಲಿಲ್ಲ.

ಹೊರಡುವ ವಾರ ಬಂತು. ಊಟದ ಮೇಜಿನ ಒಂದು ಕಡೆ ಮಾಮ, ಇನ್ನೊಂದು ಕಡೆ ಅತ್ತೆ, ನಡುವೆ ತಕ್ಕಡಿ. ಕಸ್ಟಮ್ಸಿನವರೂ ಅಷ್ಟು ಕೇಳುವುದಿಲ್ಲ.

“ಇದೇನು, ಬೊಟ್ಟಿನ ಹಾಳೆ ಎರಡಾ? ಎಂಟು ದಿನಕ್ಕೆ ಎಂಟು ಬೊಟ್ಟು ಸಾಕು.” ಮಾಮ ಎಣಿಸಿ ಕತ್ತರಿಸಿದರು.

“ಒಂದು ಬಿದ್ದುಹೋದ್ರೆ?”

“ಬೀಳದ ಹಾಗೆ ನಡಿ.”

“ಬಾಚಣಿಗೆ?”

“ನಿನ್ನ ಕೂದಲು ಇನ್ನೂ ಇಷ್ಟೇ ಇಷ್ಟು ಬಂದಿದೆ. ಕೈಯಲ್ಲಿ ಬಾಚ್ಕೋ.”

ಇಂಥ ಮಾತನ್ನು ಬೇರೆ ಯಾರಾದರೂ ಅಂದಿದ್ದರೆ ಏನಾಗುತ್ತಿತ್ತೋ! ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೈ ಬಾತುಕೊಳ್ಳದಿರಲೆಂದು ಅತ್ತೆ ಎಡಗೈಗೆ ಹಾಕಿಕೊಳ್ಳುವ ಬಿಗಿತೋಳು ಮತ್ತು ಹೆಚ್ಚುವರಿಯಾಗಿ ಅಂಥದೇ ಇನ್ನೊಂದು ಮಾತ್ರ ತಕ್ಕಡಿ ಹತ್ತಲಿಲ್ಲ. “ಅದು ಲೆಕ್ಕಕ್ಕಿಲ್ಲ” ಎಂದು ಮಾಮ ನೇರವಾಗಿ ತಮ್ಮ ಜೇಬಿಗೆ ಹಾಕಿಕೊಂಡರು. ಕೊನೆಗೆ ಚೀಲ ನಿಂತದ್ದು ಎಂಟು ಕಿಲೋ ಒಂಬೈನೂರ ಅರವತ್ತಕ್ಕೆ. ಮಾಮ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಮಗೇ!

ದಾರಿಯಲ್ಲಿ ಮಾಮನ ಮಂಡಿ ಹಿಡಿದುಕೊಂಡರೆ ಎತ್ತುವುದಕ್ಕೆ ಒಬ್ಬರಿರಲಿ ಎಂದು ಅತ್ತೆ ನನ್ನನ್ನೂ ಹೊರಡಿಸಿದ್ದರು. ಅತ್ತೆಯ ಸಾಮಾನನ್ನು ನನ್ನ ಚೀಲಕ್ಕೆ ಹಾಕಿ ಎಂದರೆ ಮಾಮ ಕೆರಳಿಬಿಟ್ಟರು. “ನನ್ನ ಹೆಂಡ್ತಿ ಸಾಮಾನು ನಾನು ಹೊರ್ತೀನಿ. ನೀನು ನಿನ್ನ ಗಾಡಿ ಎಳ್ಕೊಂಡು ಬಾ.” ನನ್ನ ಚೀಲ ಹದಿನಾಲ್ಕು ಕಿಲೋ ಇತ್ತು ನೋಡಿ.

ಹಾಗೆ ಹೋಗಿ ಇಳಿದೆವು, ಬೆಟ್ಟದ ಬುಡದ ಒಂದು ಪುಟ್ಟ ಊರಿನಲ್ಲಿ. ಮರುದಿನ ಬೆಳಿಗ್ಗೆ ಹೊರಡಲು ಕೆಳಗೆ ಬಂದರೆ, ಹೋಟೆಲಿನ ಬಾಗಿಲ ಬಳಿ ಸಾಲಾಗಿ ಇಪ್ಪತ್ತು ಸೂಟ್‌ಕೇಸು! ಒಂದೊಂದೂ ನಮ್ಮವರು ಬೆಂಗಳೂರಿಗೆ ಒಯ್ಯುವ ಗಾತ್ರದ್ದು. ಹೋಟೆಲಿನ ಯಜಮಾನಿ ನಗುತ್ತ ನಮ್ಮ ಹತ್ತಿರ ಬಂದಳು.

“ನಿಮ್ಮ ಲಗೇಜ್ ಎಲ್ಲಿ? ವ್ಯಾನ್ ಎಂಟು ಗಂಟೆಗೆ ಹೊರಡುತ್ತೆ. ನೀವು ನಡೆದು ಬೆಟ್ಟ ಇಳಿಯೋದ್ರೊಳಗೆ ಮುಂದಿನ ಊರಲ್ಲಿರುತ್ತೆ. ದಿನಾ ಹೀಗೇ, ಎಂಟು ದಿನವೂ. ಎಲ್ಲರೂ ಹೀಗೇ ಮಾಡೋದು.”

ಆರು ತಿಂಗಳು! ಚಿನ್ನದ ತಕ್ಕಡಿ, ಸ್ಪ್ರಿಂಕ್ಲರು, ಎಂಟು ಬೊಟ್ಟು! ಮಾಮನ ಮುಖ ನೋಡುವ ಧೈರ್ಯವಾಗಲಿಲ್ಲ. ನೋಡಿದರೆ, ಮಾಮ ಆಗಲೇ ಚೀಲವನ್ನು ಬೆನ್ನಿಗೇರಿಸಿ, ಎದೆಯ ಪಟ್ಟಿ ಬಿಗಿಯುತ್ತಿದ್ದರು.

“ನೋ, ಥ್ಯಾಂಕ್ಯೂ,” ಎಂದರು ಸ್ಪಷ್ಟವಾದ ಇಂಗ್ಲಿಷಿನಲ್ಲಿ. “ನನ್ನ ಹೆಂಡತಿಯ ಲಗೇಜ್ ನನ್ನ ಹತ್ತಿರ ಇದೆ.” ಹೇಳಿ ಬಾಗಿಲು ದೂಡಿಕೊಂಡು ಹೊರಗೆ ನಡೆದರು.

ನಾನು ಮಾತ್ರ ನಾಚಿಕೆಯಿಲ್ಲದೆ ನನ್ನ ಹದಿನಾಲ್ಕು ಕಿಲೋವನ್ನು ಸೂಟ್‌ಕೇಸುಗಳ ಸಾಲಿಗೆ ಸೇರಿಸಿದೆ. ಅತ್ತೆ ಬೆಂಚಿನ ಮೇಲೆ ಕುಳಿತು ಬೂಟಿನ ದಾರ ಕಟ್ಟುತ್ತಿದ್ದರು. ಪಕ್ಕದಲ್ಲಿ ಕುಳಿತು ಪಿಸುಗುಟ್ಟಿದೆ: “ಅತ್ತೆ, ಈ ವ್ಯಾನಿನ ವಿಷಯ ಮಾಮನಿಗೆ ಗೊತ್ತೇ ಇರ್ಲಿಲ್ವಾ? ಪಾಪ!”

“ಅವರಿಗೆ ಗೊತ್ತಿತ್ತೋ ಇಲ್ವೋ ನಾನು ಕೇಳಿಲ್ಲ. ನಂಗಂತೂ ಮೊದಲ್ನೇ ದಿನಾನೇ ಗೊತ್ತಿತ್ತು ಕಣೋ. ಕೀಮೋಗೆ ಕೂತಾಗ ಓದಿದ್ದೆ.”

“ಮತ್ತೆ ಹೇಳ್ಲಿಲ್ವಲ್ಲ!”

ಅತ್ತೆ ದಾರದ ಗಂಟನ್ನು ಇನ್ನೊಮ್ಮೆ ಬಿಚ್ಚಿ ಕಟ್ಟಿದರು. “ನಂಗೆ ಕಾಯಿಲೆ ಅಂತ ತಿಳಿದ ದಿನದಿಂದ ನಿಮ್ಮ ಮಾಮ ಮನೇಲಿ ಬಾಯೇ ಬಿಟ್ಟಿರ್ಲಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗೋರು, ಕರ್ಕೊಂಡು ಬರೋರು. ಗ್ಯಾರೇಜಲ್ಲಿ ಕಾರು ನಿಲ್ಲಿಸಿ, ನನ್ನ ಒಳಗೆ ಬಿಟ್ಟು, ವಾಪಸ್ ಹೋಗಿ ಕಾರಲ್ಲೇ ಕೂತಿರೋರು. ಏನು ಮಾಡೋಣ ಅಂದ್ರೂ ಅವರ ಕೈಲಿ ಏನೂ ಇರ್ಲಿಲ್ಲ ನೋಡು. ಆಮೇಲೆ ಒಂದಿನ ತಕ್ಕಡಿ ತಂದು ಮೇಜಿನ ಮೇಲೆ ಕುಕ್ಕಿ, ‘ಏ, ನಿನ್ನ ಸ್ವೆಟರ್ ಕೊಡೇ ಇಲ್ಲಿ’ ಅಂತ ಕೂಗಿದ್ರು. ಆ ಗಂಟಲು ಕೇಳಿ ಎಷ್ಟು ತಿಂಗಳಾಗಿತ್ತು! ವ್ಯಾನಿದೆ ಅಂತ ಹೇಳಿ ನಾನು ಅದನ್ನ ಯಾಕೆ ಕಳ್ಕೊಳ್ಳಲಿ?”

ನಾನು ಎದ್ದು ಹೋಗಿ ಸೂಟ್‌ಕೇಸುಗಳ ಸಾಲಿನಿಂದ ನನ್ನ ಚೀಲವನ್ನು ಎಳೆದು ಬೆನ್ನಿಗೆ ಹಾಕಿಕೊಂಡೆ.

“ಎಷ್ಟೊತ್ತೇ!” ಹೊರಗಿನಿಂದ ಮಾಮನ ಕೂಗು. “ಹೊರೋನು ಇಲ್ಲಿ ನಿಂತಿದ್ದೀನಿ, ಕೈಬೀಸ್ಕೊಂಡು ಬರೋಳಿಗೆ ಇಷ್ಟು ಹೊತ್ತಾ?”

“ಬಂದೆ ಕಣ್ರೀ. ಭಾರ ಆಯ್ತಾ?”

“ಭಾರಾನಾ? ಹೂವು! ಹೂವಿನ ಹಾಗಿದೆ!”

ಏರು ಊರಿನ ಕೊನೆಯ ಮನೆಯಿಂದಲೇ ಶುರುವಾಯಿತು. ಹತ್ತು ನಿಮಿಷಕ್ಕೆ ಮಾಮನ ಉಸಿರು ನನಗೆ ಕೇಳಿಸುವಷ್ಟು ಜೋರಾಯಿತು. ಅತ್ತೆಯ ಉಸಿರು ಸರಾಗವಾಗಿತ್ತು. ಬೇಕಿದ್ದರೆ ಮುಂದೆ ಹೋಗಬಹುದಿತ್ತು, ದಾರಿಯೂ ಅಗಲವಾಗಿತ್ತು. ಹೋಗಲಿಲ್ಲ. ಎರಡೂ ಕೈ ಖಾಲಿ ಬಿಟ್ಟುಕೊಂಡು, ಆ ಚೀಲ ಅತ್ತಿತ್ತ ವಾಲುತ್ತ ಬೆಟ್ಟ ಏರುವುದನ್ನು ನೋಡುತ್ತ, ಎರಡು ಹೆಜ್ಜೆ ಹಿಂದೆಯೇ ನಡೆದರು.