ಅರ್ಧ ಬಾಡಿಗೆಯ ಕಾರುಗಳು

ಬೇರೆಯವರ ಮನೆಯಲ್ಲಿ ರಜೆ ಬಂದರೆ ಅಟ್ಟದಿಂದ ಸೂಟ್‌ಕೇಸ್ ಇಳಿಯುತ್ತದೆ, ನಮ್ಮ ಮನೆಯಲ್ಲಿ ಅವಾಂತರ ಇಳಿಯುತ್ತದೆ. ಒಂದು ರಜೆ ಸುಸೂತ್ರವಾಗಿ ಕಳೆಯಿತು ಅಂದುಕೊಂಡರೆ ಮುಂದಿನ ರಜೆಗೆ ಎರಡು ಕಾದಿರುತ್ತವೆ. ಎಲ್ಲಕ್ಕೂ ಕಾರಣ ಬಾಡಿಗೆ ಕಾರು.

ನಮ್ಮದೇ ಒಂದು ಕಾರಿತ್ತು. ಒಂದು ಡಿಸೆಂಬರಿನ ಮಳೆಯಲ್ಲಿ ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮೂರು ದಿನ ಮುಳುಗಿ ಕೂತಿದ್ದು, ನೀರಿಳಿದ ಮೇಲೆ ಹಾರ್ನ್ ಹೊಡೆಯುವುದೊಂದು ಬಿಟ್ಟು ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ಇನ್ನೊಂದು ಕೊಳ್ಳುವುದು ಬೇಡ, ಬೇಕಾದಾಗ ಬಾಡಿಗೆಗೆ ತಗೊಂಡು ನಾನೇ ಓಡಿಸ್ತೀನಿ ಅಂತ ನಮ್ಮವರು ತೀರ್ಮಾನಿಸಿದರು. ನಾನು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ನನಗೆ ರಜೆ ಸಿಗುವುದು ಊರಿಗೆಲ್ಲ ರಜೆ ಸಿಕ್ಕಾಗ, ಬಾಡಿಗೆ ಎರಡರಷ್ಟು ಮೂರರಷ್ಟು ಏರುವುದೂ ಆಗಲೇ. ರೈಲಿನಲ್ಲಿ ಹೋಗೋಣವೆಂದರೆ ಅತ್ತೆಗೆ ಮಂಡಿನೋವು. ನಮ್ಮವರಿಗೋ, ಕೇಳಿದಷ್ಟು ಬಾಡಿಗೆ ಕೊಟ್ಟರೆ ಸೋತು ಹೋದಂತೆ. ಮದರಾಸಿನಲ್ಲಿ ಎಲ್ಲೋ ಒಂದು ಕಡೆ ಅರ್ಧಕ್ಕೆ ಸಿಗುವ ಕಾರು ಇದ್ದೇ ಇರುತ್ತದೆ, ಹುಡುಕಬೇಕು ಅಷ್ಟೇ ಅನ್ನುವುದು ಅವರ ನಂಬಿಕೆ. ಮೂರು ತಲೆಮಾರಿನಿಂದ ಈ ಊರಿನಲ್ಲೇ ಇರುವ ಮನೆತನ. ನಂಜನಗೂಡಿನಿಂದ ಬಂದ ನಾನು ನಂಬದೆ ಏನು ಮಾಡಲಿ?

೧. ಇರು, ಇಳಿಯುತ್ತೆ

ಮೊದಲ ವರ್ಷ ಆಯುಧಪೂಜೆಯ ರಜೆಗೆ ಯೇರ್ಕಾಡಿಗೆ ಹೊರಟಿದ್ದೆವು. ಫೋನಿನಲ್ಲಿ ಕಾರು ಬುಕ್ ಮಾಡುವ ಆಪ್ ಇತ್ತು. ನೋಡಿದ ದಿನವೇ ಬುಕ್ ಮಾಡಿ ಅಂದೆ. ನಮ್ಮವರು, ಕೊಂಜ ಇರು, ಸ್ವಲ್ಪ ಕಾದರೆ ಇಳಿಯುತ್ತೆ ಅಂದರು. ಅಂದಿನಿಂದ ಕಾಫಿಗೆ ಮುಂಚೆ ಒಮ್ಮೆ, ಸ್ನಾನವಾದ ಮೇಲೆ ಒಮ್ಮೆ ಜ್ವರ ನೋಡಿದ ಹಾಗೆ ಬಾಡಿಗೆ ನೋಡುವುದೇ ಕೆಲಸವಾಯಿತು. ಅದು ಏರುತ್ತಲೇ ಹೋಯಿತು.

ಆಫೀಸಿನಲ್ಲಿ ಯಾರೋ ಅವರಿಗೆ, ನಾವು ಮಾತಾಡುವುದನ್ನು ಫೋನು ಕದ್ದು ಕೇಳುತ್ತದೆ, ನಮಗೆ ಅಗತ್ಯವಿದೆ ಅಂತ ಗೊತ್ತಾದರೆ ಬಾಡಿಗೆ ಏರಿಸುತ್ತದೆ ಅಂತ ತಲೆಗೆ ತುಂಬಿಸಿದರು. ಅವತ್ತಿನಿಂದ ಮನೆಯಲ್ಲಿ ಯೇರ್ಕಾಡಿನ ಹೆಸರೆತ್ತುವಂತಿರಲಿಲ್ಲ. ಸಾಲದ್ದಕ್ಕೆ ಫೋನನ್ನು ಊಟದ ಮೇಜಿನ ಮೇಲಿಟ್ಟು, ಅದಕ್ಕೆ ಕೇಳುವ ಹಾಗೆ, ಈ ಸಲ ನಾವು ಎಲ್ಲಿಗೂ ಹೋಗುತ್ತಿಲ್ಲ ಅಂತ ಒಬ್ಬೊಬ್ಬರಾಗಿ ಹೇಳಬೇಕಾಯಿತು. ಅತ್ತೆ ಪಾಪ, ಅದಕ್ಕೆ ಯಾವ ಭಾಷೆ ಬರುತ್ತದೋ ಅಂತ ಕನ್ನಡದಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ ಹೇಳಿ, ಕೊನೆಗೆ ಇಂಗ್ಲಿಷಿನಲ್ಲಿ "ನೋ ಗೋಯಿಂಗ್, ಥ್ಯಾಂಕ್ಯೂ" ಅಂತಲೂ ಹೇಳಿದರು. ಮರುದಿನ ಬಾಡಿಗೆ ಇನ್ನಷ್ಟು ಏರಿತ್ತು.

ಹೊರಡುವ ಹಿಂದಿನ ದಿನ ನೋಡಿದರೆ ಒಂದೇ ಒಂದು ಕಾರು ಉಳಿದಿದೆ. ನಮ್ಮವರು ಆಗಲೂ, ಇರು ಅಂತ ಹೇಳಿ ಸ್ನಾನಕ್ಕೆ ಹೋದರು. ನಾನು ಕಾಯುತ್ತಾ ಇರಲಿಲ್ಲ. ನನ್ನ ಫೋನಿನಿಂದ ಬುಕ್ ಮಾಡಿಬಿಟ್ಟೆ. ಅವರು ಟವೆಲ್ಲಿನಲ್ಲೇ ಬಂದು ಆಪ್ ತೆರೆದರು, ಅದರಲ್ಲಿ ಕಾರೇ ಇಲ್ಲ. ಯಾವನೋ ಮುಠ್ಠಾಳ ಅಷ್ಟು ದುಡ್ಡು ಸುರಿದು ಎತ್ತಿಕೊಂಡು ಹೋಗಿದ್ದಾನೆ ಅಂತ ಐದು ನಿಮಿಷ ಬೈದರು. ಪೂರ್ತಿ ಬೈದು ಮುಗಿಸಲಿ ಅಂತ ಕಾದು, ಆ ಮುಠ್ಠಾಳ ನಾನೇ ಅಂದೆ. ಅವರು ಅಂಗಿ ಹಾಕಿಕೊಳ್ಳಲು ಒಳಗೆ ಹೋದರು. ಆದರೆ ಯೇರ್ಕಾಡಿನ ದಾರಿಯಲ್ಲಿ ಕಾಫಿಗೆ ಇಳಿದ ಕಡೆಯೆಲ್ಲ ಸ್ನೇಹಿತರಿಗೆ ಫೋನ್ ಮಾಡಿ, ಇಡೀ ಮದರಾಸಿನಲ್ಲಿ ಕೊನೆಯ ಕಾರಪ್ಪ, ತಾಳ್ಮೆಯಿಂದ ಕಾದಿದ್ದಕ್ಕೇ ಸಿಕ್ಕಿತು ಅಂತ ಹೇಳುತ್ತಿದ್ದರು.

೨. ಎರಡು ಬ್ರೇಕಿನ ಕಾರು

ಆ ಮೇಲೆ ನಮ್ಮವರು ಆಪಿನ ಸಹವಾಸ ಬಿಟ್ಟು ಸ್ವಂತ ಸಂಶೋಧನೆಗೆ ಇಳಿದರು. ಪೊಂಗಲಿಗೆ ಎಲ್ಲರೂ ಕಾರು ಹುಡುಕುತ್ತಾರೆ, ಆದರೆ ಪೊಂಗಲಿನಲ್ಲಿ ಯಾವ ಕಾರು ಸುಮ್ಮನೆ ನಿಂತಿರುತ್ತದೆ ಅಂತ ಯೋಚಿಸಿದವರು ಅವರೊಬ್ಬರೇ. ಡ್ರೈವಿಂಗ್ ಸ್ಕೂಲಿನ ಕಾರು. ಸ್ಕೂಲಿಗೆ ನಾಲ್ಕು ದಿನ ರಜೆ, ಕಾರು ಅರ್ಧ ಬಾಡಿಗೆಗೆ ಬಂತು.

ನಾಲ್ಕೂ ಕಡೆ ಕೆಂಪಕ್ಷರದ ಎಲ್ ಬೋರ್ಡು, ನೆತ್ತಿಯ ಮೇಲೆ ಗೋಪುರದಂತೆ ಇನ್ನೊಂದು. ಯಾವುದನ್ನೂ ಕೀಳುವ ಹಾಗಿಲ್ಲ ಅಂತ ಸ್ಕೂಲಿನವರ ಕಟ್ಟಪ್ಪಣೆ. ಮುಂದಿನ ಎಡಗಡೆಯ ಸೀಟಿನ ಕೆಳಗೆ, ಕಲಿಸುವವರ ಕಾಲಿಗೆ ಸಿಗುವಂತೆ ಇನ್ನೊಂದು ಬ್ರೇಕು. ಮಂಡಿ ಮಡಚಲಾರದ ಅತ್ತೆ ಕಾಲು ಚಾಚಿ ಕೂರಲಿಕ್ಕೆ ಇದ್ದದ್ದು ಅದೊಂದೇ ಸೀಟು.

ಪುದುಚೇರಿಯ ದಾರಿ ಹಿಡಿದು ಹತ್ತು ನಿಮಿಷವಾಗಿರಲಿಲ್ಲ, ಎದುರಿನಿಂದ ಲಾರಿ ಬಂತೆಂದು ಅತ್ತೆ ಭಯಕ್ಕೆ ಕಾಲೊತ್ತಿದರು. ಕಾರು ಗಕ್ಕನೆ ನಿಂತಿತು. ನಮ್ಮವರು ಹಿಂದೆ ತಿರುಗಿ ನನ್ನನ್ನು ನೋಡಿದರು. ಅತ್ತೆ ತಮ್ಮ ಪಾದವನ್ನು ನೋಡಿಕೊಂಡರು. ಅವರಿಗೆ ವಿಷಯ ಅರ್ಥವಾದದ್ದು ಆ ಕ್ಷಣ. ಆಮೇಲೆ ಎಳನೀರಿನ ಅಂಗಡಿ ಕಂಡರೆ ಕಾರು ನಿಂತಿತು. ಗೋಪುರ ಕಂಡರೆ ನಿಂತಿತು. ಕೊಬ್ಬರಿಯಷ್ಟು ಬೆಳ್ಳಗಿನ ಕರುವೊಂದು ರಸ್ತೆ ಬದಿಯಲ್ಲಿ ಮೇಯುತ್ತಿತ್ತು, ಅದಕ್ಕೂ ನಿಂತಿತು. ಹೆತ್ತು ಸಾಕಿದ ಮಗ ತಾವು ಹೇಳಿದ ಜಾಗದಲ್ಲಿ ನಿಂತದ್ದು ಜನ್ಮದಲ್ಲಿ ಅದೇ ಮೊದಲು ಅಂತ ಅತ್ತೆ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

ಇಪ್ಪತ್ತು ವರ್ಷ ಕಾರು ಓಡಿಸಿದ ಮನುಷ್ಯನಿಗೆ ದಾರಿಯುದ್ದಕ್ಕೂ ಪಾಠ. ಪಕ್ಕದಲ್ಲಿ ಬಂದ ಸ್ಕೂಟರಿನವನು ಸೆಕೆಂಡ್ ಗೇರಿಗೆ ಹಾಕಿ ಅಂದ. ವ್ಯಾನಿನವನು, ಸ್ಟಿಯರಿಂಗನ್ನು ಅಷ್ಟು ಬಿಗಿಯಾಗಿ ಹಿಡಿಯಬೇಡಿ, ಧೈರ್ಯವಾಗಿರಿ ಅಂದ. ಕೊನೆಗೆ, ಹೀಗೆ ನಿಂತು ನಿಂತು ಹೋಗುವ ಕಾರನ್ನು ಕಂಡು ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಒಳಗೆ ಬಗ್ಗಿ ನೋಡಿ, ಕಲಿಸುವವರ ಸೀಟಿನಲ್ಲಿ ಒಂಬತ್ತು ಗಜದ ಸೀರೆಯುಟ್ಟು ಕೂತಿದ್ದ ಅತ್ತೆಯನ್ನು ಕಂಡು ಸ್ವಲ್ಪ ತಬ್ಬಿಬ್ಬಾದರು. ಕಲಿಯುತ್ತಿರುವವರು ಯಾರಮ್ಮ ಅಂತ ತಮಿಳಿನಲ್ಲಿ ಕೇಳಿದರು.

ಅತ್ತೆ ಮಗನನ್ನು ತೋರಿಸಿ, "ಇವನೇ. ಇನ್ನೂ ಸರಿಯಾಗಿ ಬರಲ್ಲ" ಅಂದರು.

ಪೊಲೀಸಿನವರು ನಮ್ಮವರ ನರೆತ ತಲೆಯನ್ನು ನೋಡಿ, ವಯಸ್ಸಾದ ಮೇಲೆ ಕಲಿಯುವುದು ಕಷ್ಟ ಸಾರ್, ಅಮ್ಮ ಹೇಳಿದ ಹಾಗೆ ಕೇಳಿ ಅಂತ ಹೇಳಿ ಕಳಿಸಿದರು.

೩. ಸಮುದ್ರದ ಗಾಳಿ

ಮುಂದಿನ ಬೇಸಿಗೆಗೆ ಅತ್ತೆ ಕಂಚಿಗೆ ಹೋಗಬೇಕೆಂದರು. ಅಲ್ಲಿ ಅವರ ಅಕ್ಕನ ಮನೆಯಿದೆ. ಈ ಸಲ ನಮ್ಮವರಿಗೆ ಸಿಕ್ಕಿದ್ದು ಕಾಸಿಮೇಡಿನ ಬಂದರಿನಲ್ಲಿ ಮೀನು ಹರಾಜು ಹಾಕುವ ಒಬ್ಬರ ಕಾರು. ಅವರ ವ್ಯಾಪಾರ ಬೆಳಗಾಗುವ ಮುಂಚೆಯೇ ಮುಗಿದು ಹೋಗುತ್ತದೆ, ಆಮೇಲೆ ದಿನವೆಲ್ಲ ಕಾರು ಖಾಲಿ.

ಅತ್ತೆಗೆ ಈ ಸುದ್ದಿ ಹೇಳಲಿಲ್ಲ. ಈರುಳ್ಳಿ ಹೆಚ್ಚಿದ ಚಾಕುವಿನಿಂದ ಹಣ್ಣು ಹೆಚ್ಚದ ಹೆಂಗಸು ಅವರು. ಕಾರಿನ ಬಾಗಿಲು ತೆಗೆದೊಡನೆ ಮೂಗಿಗೆ ಸೆರಗು ಹಿಡಿದು, ಏನೋ ಇದು ವಾಸನೆ ಅಂದರು. ನಮ್ಮವರು ಸಮುದ್ರದ ಗಾಳಿ ಅಂದರು. ತಾಂಬರಂ ದಾಟಿದ ಮೇಲೂ ಸಮುದ್ರದ ಗಾಳಿ. ಕಂಚಿಯಲ್ಲಿ ಇಳಿಯುವಾಗ ಅತ್ತೆ, ನನಗೆ ತಿಳಿದ ಹಾಗೆ ಇಲ್ಲಿ ಸಮುದ್ರ ಇರಲಿಲ್ಲ, ಯಾವಾಗ ಬಂತೋ ಅಂತ ಕೇಳಿದರು. ದೇವಸ್ಥಾನದಿಂದ ಹೊರಬಂದರೆ ಕಾರಿನ ಸುತ್ತ ಒಂಬತ್ತು ಬೆಕ್ಕುಗಳು ಕಾಲು ಮಡಚಿ ಭಕ್ತಿಯಿಂದ ಕೂತಿದ್ದವು.

ಅತ್ತೆ ಹತ್ತು ಜನಕ್ಕಾಗುವಷ್ಟು ಪುಳಿಯೋಗರೆ ಕಲಸಿ, ಬಿಳಿ ಥರ್ಮೋಕೋಲಿನ ಡಬ್ಬದಲ್ಲಿಟ್ಟು ಟೇಪು ಸುತ್ತಿಸಿದ್ದರು. ಅಕ್ಕನ ಮನೆಯಲ್ಲಿ ಅಷ್ಟೂ ಜನಕ್ಕೆ ಎಲೆ ಹಾಕಿದ್ದರಿಂದ ಡಬ್ಬ ತೆರೆಯದೆ ವಾಪಸಾಯಿತು. ಸಂಜೆ ಮನೆಗೆ ಬಂದಾಗ, ಅದನ್ನು ಹಾಗೇ ಎದುರು ಮನೆಯವರಿಗೆ ಕೊಟ್ಟುಬಿಡು, ಅವರ ಮನೆಗೆ ನೆಂಟರು ಬಂದಿದ್ದಾರೆ ಅಂದರು ಅತ್ತೆ. ನಮ್ಮವರು ಡಿಕ್ಕಿಯಿಂದ ಡಬ್ಬ ತೆಗೆದು ಎದುರು ಮನೆಗೆ ಕೊಟ್ಟು, ಕಾರನ್ನು ಅದರ ಯಜಮಾನರಿಗೆ ಒಪ್ಪಿಸಿ ಬಂದರು. ಎದುರು ಮನೆಯವರು ಬಂಗಾಳದವರು.

ಬೆಳಿಗ್ಗೆ ಕಾಸಿಮೇಡಿನಿಂದ ಫೋನು. ನಿಮ್ಮ ಪುಳಿಯೋಗರೆ ಬಹಳ ಚೆನ್ನಾಗಿತ್ತು ಸಾರ್, ಮನೆಮಂದಿಯೆಲ್ಲ ತಿಂದೆವು, ಆದರೆ ಡಿಕ್ಕಿಯಲ್ಲಿ ಗೋಣಿಯ ಕೆಳಗೆ ಐಸ್ ಹಾಕಿ ಇಟ್ಟಿದ್ದ ನನ್ನ ವಂಜರ ಮೀನಿನ ಡಬ್ಬ, ಅಂಥದೇ ಬಿಳಿಯದು, ಎಲ್ಲಿ ಅಂತ ಕೇಳಿದರು.

ನಾನೂ ನಮ್ಮವರೂ ಎದುರು ಮನೆಗೆ ಓಡುವಷ್ಟರಲ್ಲಿ ಆ ಮನೆಯಾಕೆಯೇ ತೊಳೆದ ಡಬ್ಬ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದರು. ಮಡಿಯ ಮನೆಯವರಲ್ಲವೇ, ಮೀನು ಅನ್ನುವ ಮಾತು ನಾಲಿಗೆಯಲ್ಲಿ ತರಲಾರದೆ ಪುಳಿಯೋಗರೆ ಅಂತ ಹೇಳಿ ಕೊಟ್ಟಿದ್ದಾರೆ ಅಂತ ಅವರು ತಿಳಿದುಕೊಂಡಿದ್ದರಂತೆ. ಅದೇ ಮರ್ಯಾದೆಯಿಂದ ಅತ್ತೆಯ ಕೈ ಹಿಡಿದು, ಆಂಟಿ, ಪುಳಿಯೋಗರೆ ತುಂಬಾ ಫ್ರೆಶ್ ಆಗಿತ್ತು, ಅರ್ಧ ಸಾರು ಮಾಡಿದೆವು, ಅರ್ಧ ಸಾಸಿವೆ ಎಣ್ಣೆಯಲ್ಲಿ ಕರಿದೆವು ಅಂದರು. ಅತ್ತೆ ನಗುತ್ತಾ ಬೀಳ್ಕೊಟ್ಟು, ಬಾಗಿಲು ಹಾಕಿ ನನ್ನತ್ತ ತಿರುಗಿದರು.

"ಒಳ್ಳೇ ಜನ ಕಣೆ. ಆದರೆ ಪುಳಿಯೋಗರೆನ ಯಾರಾದರೂ ಕರೀತಾರಾ?"

೪. ಹಿಂದೆ ಹೋಗದ ಕಾರು

ನನ್ನ ಮೈದುನನಿಗೆ ಮೂವತ್ತಾರು ದಾಟಿತ್ತು. ಹನ್ನೊಂದು ಕಡೆ ಹೆಣ್ಣು ನೋಡಿ ಹನ್ನೊಂದು ಕಡೆಯೂ ಬೇಡ ಅನ್ನಿಸಿಕೊಂಡಿದ್ದ. ಒಳ್ಳೆಯ ಹುಡುಗ, ಆದರೆ ಹೆಣ್ಣಿನ ಮುಂದೆ ಕೂರಿಸಿದರೆ ಬಾಯಿ ಬಿಡುವುದಿಲ್ಲ. ಹನ್ನೆರಡನೆಯ ಹುಡುಗಿ ಮೈಸೂರಿನವಳು. ಇದೂ ತಪ್ಪಿದರೆ ಇನ್ನು ನಾನು ಹುಡುಕುವುದಿಲ್ಲ ಅಂತ ಅತ್ತೆ ಕಣ್ಣೀರು ಹಾಕಿದ್ದರು. ಮೇ ತಿಂಗಳ ರಜೆ, ಮೇಲೆ ಮದುವೆಗಳ ಕಾಲ, ಬಾಡಿಗೆ ಮುಗಿಲು ಮುಟ್ಟಿತ್ತು. ಇದೊಂದು ಸಲ ನೆಟ್ಟಗಿರುವ ಕಾರು ತನ್ನಿ ಅಂತ ಬೇಡಿಕೊಂಡೆ.

ನಮ್ಮವರು ಮಾಧವರಂನಿಂದ ಒಂದು ಕಾರು ತಂದರು. ನೋಡಲಿಕ್ಕೆ ನೆಟ್ಟಗಿತ್ತು. ಅಂಗಡಿಗಳ ಜಾಹೀರಾತನ್ನು ಬೀದಿಬೀದಿಯಲ್ಲಿ ಕೂಗಿಕೊಂಡು ಹೋಗುವ ಕಾರಂತೆ, ಮೇಲಿದ್ದ ಸ್ಪೀಕರನ್ನು ಬಿಚ್ಚಿ ಕೊಟ್ಟಿದ್ದರು. ಬಂಪರಿನೊಳಗೆ ಇನ್ನೊಂದು ಇದೆ ಅಂತ ನಮಗೆ ತಿಳಿದದ್ದು ಆಂಬೂರಿನಲ್ಲಿ, ಟೀ ಅಂಗಡಿಯ ಮುಂದೆ ರಿವರ್ಸ್ ಹಾಕಿದಾಗ. ಯಾವುದೋ ಬಟ್ಟೆ ಅಂಗಡಿಯ ಹೆಣ್ಣುದನಿ ಬೀದಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಕೂಗತೊಡಗಿತು. ಮೂರು ಹೆಂಗಸರು ಚೀಲ ಹಿಡಿದು ಬಂದು ಡಿಕ್ಕಿ ತೆಗೆಯಿರಿ ಅಂದರು. ಅದರ ಫ್ಯೂಸು ಕಿತ್ತರೆ ಬ್ರೇಕಿನ ದೀಪವೂ ಹೋಗುತ್ತಿತ್ತು. ಮಾಲೀಕನಿಗೆ ಫೋನ್ ಮಾಡಿದರೆ, ರಿವರ್ಸಿಗೆ ತಾನೇ ಸಾರ್, ಮುಂದೆಯೇ ಹೋಗಿ ಅಂದ.

ಹಾಗಾಗಿ ಮೈಸೂರಿನವರೆಗೂ ಮುಂದೆಯೇ ಹೋದೆವು. ಹಿಂದಕ್ಕೆ ತೆಗೆಯದೆ ಹೊರಬರಬಹುದಾದ ಹೋಟೆಲು ಹುಡುಕುತ್ತಾ ಮಧ್ಯಾಹ್ನದ ಊಟ ಮೂರು ಗಂಟೆಗಾಯಿತು. ತಪ್ಪಿಸಲಾರದ ಕಡೆ ನಾನೂ ಮೈದುನನೂ ಇಳಿದು ಕಾರನ್ನು ಕೈಯಿಂದ ಹಿಂದಕ್ಕೆ ತಳ್ಳಿದೆವು.

ಮರುದಿನ ಹುಡುಗಿಯ ಮನೆ. ಅದು ಕೊನೆಯಲ್ಲಿ ಮುಚ್ಚಿಕೊಂಡ ಬೀದಿ. ಹುಡುಗಿಯ ತಂದೆ ಗೇಟಿನಲ್ಲೇ ನಿಂತು, ಬಿಸಿಲು ಜಾಸ್ತಿ, ಕಾರನ್ನು ಹಿಂದಕ್ಕೆ ತಗೊಂಡು ನಮ್ಮ ಪೋರ್ಟಿಕೋದ ನೆರಳಿಗೆ ಹಾಕಿಬಿಡಿ ಅಂದರು. ಪರವಾಗಿಲ್ಲ, ಈ ಕಾರಿಗೆ ಬಿಸಿಲು ಒಳ್ಳೆಯದು ಅಂದರು ನಮ್ಮವರು. ಅಷ್ಟರಲ್ಲಿ ಮೈದುನ ಅಭ್ಯಾಸಬಲದಿಂದ ರೇಷ್ಮೆ ಅಂಗಿಯ ತೋಳು ಮಡಚಿ ಬಾನೆಟ್ಟಿಗೆ ಕೈಯಾನಿಸಿ ನಿಂತ. ಅದನ್ನು ಕಂಡು ಹುಡುಗಿಯ ತಂದೆಗೆ, ಅಣ್ಣನಿಗೆ ಪಾಪ ರಿವರ್ಸ್ ತೆಗೆಯಲು ಬರುವುದಿಲ್ಲ ಅನ್ನಿಸಿತು. ಬಿಡಿ, ನಾನೇ ಹಾಕ್ತೀನಿ ಅಂತ ಇವರನ್ನು ಇಳಿಸಿ ತಾವೇ ಕೂತರು. ನಾವು ಬಾಯಿ ತೆರೆಯುವಷ್ಟರಲ್ಲಿ ಗೇರು ಬಿದ್ದಿತ್ತು.

"ಪಳೈಯ ಸ್ಟಾಕ್ ಕ್ಲಿಯರೆನ್ಸ್," ಅಂದಿತು ಕಾರು. "ಒಣ್ಣು ವಾಂಗಿನಾ ಒಣ್ಣು ಫ್ರೀ."

ಹಳೇ ಸರಕು, ಒಂದು ಕೊಂಡರೆ ಒಂದು ಉಚಿತ. ಮೈಸೂರಿನಲ್ಲಿ ಅದನ್ನು ಯಾರೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ. ಎದುರು ಮನೆ, ಪಕ್ಕದ ಮನೆಯವರೆಲ್ಲ ಹೊರಬಂದರು. ಗೇಟಿನ ಮುಂದೆ ಮೂವತ್ತಾರರ ಮೈದುನ, ಅವನ ತೋಳು ಹಿಡಿದು ನಿಂತ ಅತ್ತೆ. ಕಾರು ಪೋರ್ಟಿಕೋ ಸೇರುವ ತನಕ ಇನ್ನೂ ನಾಲ್ಕು ಸಲ ಕೂಗಿತು.

ಒಳಗೆ ಕೇಸರಿಬಾತು ತಿಂದೆವು. ಅತ್ತೆ ತಲೆಯೆತ್ತಲಿಲ್ಲ. ಹನ್ನೆರಡನೆಯದೂ ಹೋಯಿತು ಅಂತ ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಆಗ ಹುಡುಗಿ, ನಾನು ಅವರ ಹತ್ತಿರ ಒಂದೈದು ನಿಮಿಷ ಮಾತಾಡಬೇಕು ಅಂತ ಮೈದುನನನ್ನು ಬಾಲ್ಕನಿಗೆ ಕರೆದುಕೊಂಡು ಹೋದಳು. ಆಮೇಲೆ ಇಬ್ಬರೂ ನಗುವುದು ಕೇಳಿಸಿತು. ನಾವು ಮದರಾಸು ಮುಟ್ಟುವ ಮುಂಚೆಯೇ, ನಮಗೆ ಒಪ್ಪಿಗೆ ಅಂತ ಹುಡುಗಿಯ ತಂದೆಯ ಫೋನ್ ಬಂತು.

ಅವಳೀಗ ನನ್ನ ಓರಗಿತ್ತಿ. ಮದುವೆಯಾಗಿ ಎಷ್ಟೋ ದಿನದ ಮೇಲೆ, ಅತ್ತೆಯೂ ಪಕ್ಕದಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದಾಗ, ಅವತ್ತು ಬಾಲ್ಕನಿಯಲ್ಲಿ ಏನು ಮಾತಾಡಿದಿರಿ ಅಂತ ಕೇಳಿದೆ. ನಿಮ್ಮಿಬ್ಬರಲ್ಲಿ ಫ್ರೀ ಯಾವುದು, ನೀವಾ ನಿಮ್ಮ ಅಮ್ಮನಾ ಅಂತ ಅವನನ್ನು ಕೇಳಿದಳಂತೆ. ಹನ್ನೊಂದು ಕಡೆ ಬಾಯಿ ಬಿಡದವನು ಅವತ್ತು ಸ್ವಲ್ಪ ಯೋಚಿಸಿ, ಪ್ರಾಮಾಣಿಕವಾಗಿ ಹೇಳಿದನಂತೆ:

"ಫ್ರೀ ನಾನು. ಅಮ್ಮ ಕಂಪಲ್ಸರಿ."