ಯುರೋಪಿನ ಯುದ್ಧಕ್ಕೆ ಯಾದಗಿರಿಯ ಸಿಟ್ಟು

ಇತಿಹಾಸ ಕಲಿಸುವವರಿಗೆ ಸತ್ತವರ ಕಾಟ ಇರುವುದಿಲ್ಲ, ಬದುಕಿರುವವರದೇ ಇರುತ್ತದೆ. ನನಗಂತೂ ಅದು ಕಾಲೇಜು ಬದಲಾದರೂ ಬಿಡದೆ ಹಿಂದೆ ಬರುತ್ತದೆ.

ನಾನು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೋಳಿಗೆ ತುಪ್ಪ ಬಡಿಸುವಂಥ ಅತಿಥಿ ಅಂದುಕೊಳ್ಳಬೇಡಿ. ಬೇಸಿಗೆಗೆ ಮನೆಗೆ ಕಳಿಸುತ್ತಾರೆ, ಮಳೆಗಾಲಕ್ಕೆ ಕರೆದರೆ ಕರೆದರು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಸುರಪುರ, ಶಹಾಪುರ, ಯಾದಗಿರಿ ಮೂರೂ ಊರಿನಲ್ಲಿ ಕಲಿಸಿದ್ದೇನೆ. ಎಲ್ಲಿಗೆ ಹೋದರೂ ಹಿರಿಯ ಉಪನ್ಯಾಸಕರು ತಮಗೆ ಬೇಡವಾದ ಪಾಠವನ್ನು ನನ್ನ ಕಡೆ ದಾಟಿಸುತ್ತಿದ್ದರು. ಅದು ಯುರೋಪಿನಲ್ಲಿ ಧರ್ಮದ ಹೆಸರಿನಲ್ಲಿ ನಡೆದ ಯುದ್ಧಗಳ ಪಾಠ. ಒಂದೇ ಕ್ರಿಸ್ತನನ್ನು ನಂಬುವ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು ಮೂವತ್ತು ವರ್ಷ ಹೊಡೆದಾಡಿ ಜರ್ಮನಿಯ ಹೊಲ ಮನೆ ಎಲ್ಲ ಸುಟ್ಟು ಬೂದಿ ಮಾಡಿದ ಕಥೆ. ಆ ಪಾಠದ ಕೊನೆಗೆ ನಾನು ಹೇಳುವ ಮಾತು ಒಂದಿದೆ: "ಶುರುವಿನಲ್ಲಿ ದೇವರ ಹೆಸರಿತ್ತು, ಮುಗಿಯುವಾಗ ಬರೀ ಕುರ್ಚಿ ಉಳಿದಿತ್ತು." ಈ ಮಾತು ತೆಗೆಯಿರಿ ಅಂತ ನನಗೆ ಮೂರೂ ಊರಿನಲ್ಲಿ ಹೇಳಿದ್ದಾರೆ. ನಾನು ತೆಗೆದಿಲ್ಲ.

ಕಿಟಕಿ

ಸುರಪುರದಲ್ಲಿ ನನ್ನ ಕ್ಲಾಸು ಮೇಲಿನ ಮಹಡಿಯಲ್ಲಿತ್ತು. ಪಕ್ಕದ ಕೋಣೆಯೇ ಪ್ರಿನ್ಸಿಪಾಲರದು. ಆ ದಿನಗಳಲ್ಲಿ ಕಾಲೇಜಿನ ಸಿಬ್ಬಂದಿಯಲ್ಲಿ ಎರಡು ಗುಂಪಾಗಿ, ಪ್ರಿನ್ಸಿಪಾಲರನ್ನು ಇಳಿಸಬೇಕು ಅಂತ ಒಂದು, ಉಳಿಸಬೇಕು ಅಂತ ಇನ್ನೊಂದು ಓಡಾಡುತ್ತಿದ್ದವು. ಪಾಪ, ಅವರಿಗೆ ಬಾಗಿಲ ಸಪ್ಪಳವಾದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಅಂದು ನಾನು ಯುದ್ಧದ ಆರಂಭ ಹೇಳುತ್ತಿದ್ದೆ. ಚಕ್ರವರ್ತಿ ಕ್ಯಾಥೊಲಿಕ್, ಪ್ರಾಗ್ ಊರಿನ ಸರದಾರರು ಪ್ರೊಟೆಸ್ಟೆಂಟ್. ತಮ್ಮ ಚರ್ಚುಗಳಿಗೆ ಬೀಗ ಹಾಕಿಸಿದ ಸಿಟ್ಟಿಗೆ ಸರದಾರರು ಕೋಟೆಗೆ ನುಗ್ಗಿ, ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಅವರ ಕಾರಕೂನನನ್ನೂ ಎತ್ತಿ ಕಿಟಕಿಯಿಂದ ಹೊರಗೆ ಒಗೆದರು. ಹುಡುಗರಿಗೆ ಇಂಥ ಇತಿಹಾಸ ಸಿಕ್ಕಿದ್ದೇ ಮೊದಲು. ಬೆಂಚು ಗುದ್ದುತ್ತಾ "ಒಗೀರಿ! ಒಗೀರಿ!" ಅಂತ ಕೂಗತೊಡಗಿದರು. ನನಗೂ ಹುರುಪು ಬಂತು. "ಕುರ್ಚಿ ಮ್ಯಾಲ ಕುಂತವ್ರನ್ನ ಎತ್ತಿ ಒಗದ್ರು!" ಅಂತ ನಾನೂ ದನಿ ಏರಿಸಿದೆ.

ಕ್ಲಾಸು ಮುಗಿಯುವ ಮೊದಲೇ ಜವಾನ ಬಂದು ನಿಂತ. "ಸಾಹೇಬ್ರು ಕರಿಯಾಕತ್ತಾರ್ರಿ."

ಹೋದೆ. ಪ್ರಿನ್ಸಿಪಾಲರು ನಿಂತೇ ಇದ್ದರು.

"ಮೇಡಂ, ಖರೆ ಹೇಳ್ರಿ. ನೀವು ಯಾವ ಗುಂಪಿನ್ಯಾಗ ಅದೀರಿ?"

"ಯಾವ ಗುಂಪಿನ್ಯಾಗೂ ಇಲ್ರಿ ಸರ್. ಪ್ರಾಗ್ ಪಾಠ ಮಾಡಾಕತ್ತಿದ್ದೆ. ಬೇಕಾದ್ರ ಪುಸ್ತಕ ತರ್ತೀನಿ."

"ಪುಸ್ತಕದಾಗ ಅದ ಅಂದ್ರ ಅಷ್ಟು ಜೋರಾಗಿ ಒದರಬೇಕೇನು? ಆ ಪಾಠ ಬಿಟ್ಟು ಮುಂದಕ್ಕ ಹೋಗ್ರಿ."

"ಇಲ್ರಿ ಸರ್, ಬಿಡಂಗಿಲ್ಲ. ಅದನ್ನ ಬಿಟ್ರ ಯುದ್ಧನ ಶುರು ಆಗಂಗಿಲ್ಲ."

ನನ್ನ ಹಟ ನೋಡಿ ಅವರು ಕುರ್ಚಿಗೆ ಕುಸಿದರು. ಮೆಲ್ಲಗೆ ಕೇಳಿದರು: "ಒಗದ್ರಂತೀರಿ... ಸತ್ರೇನು?"

"ಇಲ್ರಿ, ಮೂವರೂ ಬದುಕಿದ್ರು. ದೇವಮಾತೆ ಬಂದು ಕೈಯಾಗ ಹಿಡ್ಕೊಂಡ್ಳು ಅಂತ ಅವ್ರ ಕಡಿಯವ್ರು ಹೇಳಿದ್ರು. ತಿಪ್ಪಿ ಮ್ಯಾಲ ಬಿದ್ದಿದ್ರು ಅಂತ ವಿರೋಧಿಗಳು ಹೇಳಿದ್ರು."

ಪ್ರಿನ್ಸಿಪಾಲರು ಎದ್ದು ತಮ್ಮ ಕಿಟಕಿ ತೆಗೆದು ಕೆಳಗೆ ಬಗ್ಗಿ ನೋಡಿದರು. ಸುರಪುರ ಅಂದ ಮೇಲೆ ಕೇಳಬೇಕೇ, ಕೆಳಗೆ ಎಮ್ಮೆಯಷ್ಟು ಎಮ್ಮೆಯಷ್ಟು ಬಂಡೆಗಳು.

"ಇಲ್ಲಿ ತಿಪ್ಪಿ ಇಲ್ರಿ ಮೇಡಂ," ಅಂದರು. "ನಾಳಿಂದ ನನ್ನ ಆಫೀಸು ಕೆಳಗ."

ಹಿಂದಿನ ಬೆಂಚಿನ ವಿದ್ಯಾರ್ಥಿ

ಅದೇ ಕಾಲೇಜಿಗೆ ಒಂದು ದಿನ ಬಟ್ಟೆ ಅಂಗಡಿಯ ಸಾವಕಾರರೊಬ್ಬರು ಹಣೆ ತುಂಬ ವಿಭೂತಿ, ಕಣ್ಣು ತುಂಬ ಕೆಂಪು ಇಟ್ಟುಕೊಂಡು ಬಂದರು. ಅವರ ಮಗಳು ನನ್ನ ವಿದ್ಯಾರ್ಥಿನಿ.

"ಅಕ್ಕೋರ, ನಮ್ಮ ಹುಡುಗಿ ಮನ್ಯಾಗ ಕುಂತ್ರ ಕ್ಯಾಥೊಲಿಕ್ ಅಂತಾಳ, ನಿಂತ್ರ ಪ್ರೊಟೆಸ್ಟೆಂಟ್ ಅಂತಾಳ. ಪೋಪ್ ಏನಂದ, ಪಾದ್ರಿ ಏನಂದ, ಇದಾ ಮಾತು. ನೀವು ಇಲ್ಲಿ ಪಾಠ ಮಾಡಾಕತ್ತೀರೋ, ಧರ್ಮ ಬದಲ್ ಮಾಡಾಕತ್ತೀರೋ?"

ಅವರ ಹಿಂದೆ ಇನ್ನಿಬ್ಬರು ನಿಂತಿದ್ದರು. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಒಮ್ಮೆಲೇ ಪೇಪರು ಓದತೊಡಗಿದರು. ಕೆಲಸ ಹೋದೀತು ಅಂತ ನನಗೂ ಅನಿಸಿತು. ಆದರೆ ಹೆದರಿ ಉತ್ತರ ಕೊಟ್ಟರೆ ನಾಳೆ ಎಲ್ಲ ಪಾಠಕ್ಕೂ ಹೀಗೇ ಬರುತ್ತಾರೆ.

"ಯಜಮಾನ್ರ, ಈಗ ನನ್ನ ಕ್ಲಾಸ್ ಅದ. ಬಂದು ಕುಂದರ್ರಿ. ಕೇಳಿದ ಮ್ಯಾಲ ಬೈಯ್ರಿ," ಅಂದೆ.

ಹಿಂದಿನ ಬೆಂಚಿಗೆ ಕೂಡಿಸಿದೆ. ಮಗಳು ನಾಚಿಕೆಯಿಂದ ಡೆಸ್ಕಿನೊಳಗೆ ಮುಖ ಹುದುಗಿಸಿದಳು. ಅಂದು ಒಂದು ಊರಿನ ಮುತ್ತಿಗೆಯ ಪಾಠ. ಸೈನಿಕರು ಬಂದರು, ದೇವರ ಹೆಸರು ಹೇಳಿ ಕಣಜ ದೋಚಿದರು, ದನ ಹೊಡೆದುಕೊಂಡು ಹೋದರು, ಊರಿಗೆ ಬೆಂಕಿ ಹಚ್ಚಿದರು. ಆಮೇಲೆ ಬಿಡಿಸಲು ಬಂದ ಸ್ವಂತ ಧರ್ಮದ ಸೈನಿಕರು ಉಳಿದಿದ್ದನ್ನು ದೋಚಿದರು. ಇತ್ತ ಫ್ರಾನ್ಸಿನ ರಾಜ ಕ್ಯಾಥೊಲಿಕ್, ಅವನ ಮಂತ್ರಿಯೂ ಕ್ಯಾಥೊಲಿಕ್ ಧರ್ಮಗುರು. ಆದರೂ ಅವರ ನೆರವು ಹೋಗಿದ್ದು ಪ್ರೊಟೆಸ್ಟೆಂಟರಿಗೆ, ಯಾಕೆಂದರೆ ಪಕ್ಕದ ಚಕ್ರವರ್ತಿ ಬಲಿಯುವುದು ಅವರಿಗೆ ಬೇಡವಾಗಿತ್ತು.

ತಿಂಥಣಿಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ನಮ್ಮೂರ ಮೌನೇಶ್ವರ ಗುಡಿಗೆ ಹಿಂದೂಗಳೂ ಬರ್ತಾರ, ಮುಸಲ್ಮಾನರೂ ಬರ್ತಾರ. ಒಬ್ರ ಹಿಂದ ಒಬ್ರು ಸಾಲು ಹಚ್ಚಿ ಕೈ ಮುಗಿದು ಹೋಗ್ತಾರ. ಒಂದಾ ದೇವ್ರು ಇದ್ದವ್ರಿಗೆ ಇಷ್ಟು ತ್ರಾಸ ಯಾಕಾತ್ರಿ?"

ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಸಾವಕಾರರ ದನಿ ಬಂತು: "ಸಾಲಿನ್ಯಾಗ ನಿಂದ್ರಾಕ ರಾಜರು ಬಿಡಬೇಕಲ್ಲವ್ವಾ!"

ಗಂಟೆ ಹೊಡೆಯಿತು. ಸಾವಕಾರರು ಜೊತೆಗೆ ಬಂದವರನ್ನು ಕರೆದುಕೊಂಡು ಹೊರಟರು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದರು.

"ಅಕ್ಕೋರ, ನನ್ನ ಅನುಮಾನ ಹೋತು ನೋಡ್ರಿ. ನಿಮ್ಮ ಪಾಠ ಕೇಳಿದವ್ರು ಇನ್ನೊಂದು ಧರ್ಮಕ್ಕ ಹೋಗೂದು ದೂರ ಉಳೀತು, ಇದ್ದ ಧರ್ಮದಾಗ ಇರೂದೂ ಕಷ್ಟ ಅದ."

ಒಂದೇ ಓಣಿ, ಎರಡು ಗಣಪತಿ

ಶಹಾಪುರಕ್ಕೆ ಹೋದ ವರ್ಷ ಪೊಲೀಸ್ ಠಾಣೆಯಿಂದ ಕರೆ ಬಂತು. ಗಣೇಶ ಹಬ್ಬದ ಶಾಂತಿಸಭೆಗೆ ಊರಿನ ನಾಲ್ಕು ಜನ ಓದಿದವರು ಬೇಕಂತೆ. ಮಾತಾಡಲು ಹೆದರದವರು ಯಾರಿದ್ದಾರೆ ಅಂತ ಕಾಲೇಜಿನಲ್ಲಿ ಕೇಳಿದಾಗ ಎಲ್ಲರೂ ನನ್ನ ಹೆಸರು ಹೇಳಿ ಪಾರಾಗಿದ್ದರು.

ಜಗಳ ಬೇರೆ ಧರ್ಮದವರ ನಡುವೆ ಇರಬಹುದು ಅಂದುಕೊಂಡಿದ್ದೆ. ಅಲ್ಲ. ಒಂದೇ ಓಣಿ, ಒಂದೇ ಜಾತಿ, ಜಗಳವಾಡುವ ಎರಡು ಗಣೇಶ ಮಂಡಳಿಗಳ ಅಧ್ಯಕ್ಷರಿಬ್ಬರೂ ಅಣ್ಣ ತಮ್ಮಂದಿರ ಮಕ್ಕಳು. ಒಬ್ಬರದು ಗೊಬ್ಬರದ ಅಂಗಡಿ, ಇನ್ನೊಬ್ಬರದು ಖಾನಾವಳಿ. ನಗರಸಭೆ ಚುನಾವಣೆಯಲ್ಲಿ ಎದುರುಬದುರು ನಿಂತಂದಿನಿಂದ ಓಣಿಯ ಗಣಪತಿ ಎರಡಾಗಿದ್ದ. ಈಗ ಯಾರ ಗಣಪತಿ ಮೊದಲು ಹೊಳೆಗೆ ಹೋಗಬೇಕು ಅನ್ನುವುದು ತಕರಾರು. ಹಿಂದಿನ ವರ್ಷ ಇದಕ್ಕೇ ಇಬ್ಬರು ಹುಡುಗರ ತಲೆ ಒಡೆದಿತ್ತು.

ಆದರೆ ಮಾತು ಆ ತಕರಾರಿನವರೆಗೂ ಮುಟ್ಟಲಿಲ್ಲ. ಇಬ್ಬರೂ ಠಾಣೆಯ ಮೆಟ್ಟಿಲ ಮೇಲೆ ನಿಂತಿದ್ದರು. ಮೊದಲು ಒಳಗೆ ಬಂದವನು ಸೋತಂತೆ ಅಂತ ಇಬ್ಬರದೂ ಲೆಕ್ಕ. ಚಹಾ ಆರಿ ಕೆನೆಗಟ್ಟಿತ್ತು. ಠಾಣೆಯ ಸಾಹೇಬರು ಬೆವರು ಒರೆಸಿಕೊಳ್ಳುತ್ತಿದ್ದರು.

ನನಗೆ ರೇಗಿತು. ನಾನೇ ಬಾಗಿಲಿಗೆ ಹೋಗಿ ನಿಂತೆ. "ಇಬ್ರ ಮನ್ಯಾಗೂ ಇರೋದು ಒಂದಾ ಗಣಪತಿ ಅಲ್ರಿ?"

"ದೇವ್ರದು ಬ್ಯಾರೆ ಮಾತ್ರಿ ಅಕ್ಕೋರ," ಅಂದರು ಗೊಬ್ಬರದವರು. "ಇದು ಮರ್ಯಾದಿ ಪ್ರಶ್ನಿ."

"ಹಂಗಾದ್ರ ಕೇಳ್ರಿ," ಅಂತ ಶುರು ಮಾಡಿದೆ. "ಯುರೋಪಿನ್ಯಾಗ ಆ ದೊಡ್ಡ ಯುದ್ಧ ನಿಲ್ಲಸಾಕ ರಾಜರ ದೂತರು ಸೇರಿದ್ರು. ಯಾರು ಮೊದಲ ಒಳಗ ಬರಬೇಕು, ಯಾರು ಯಾವ ಕುರ್ಚಿಮ್ಯಾಲ ಕುಂದರಬೇಕು ಅಂತ ತಿಂಗಳುಗಟ್ಟಲೆ ಕಚ್ಚಾಡಿದ್ರು. ಕಡೀಕ ಒಂದು ಕಡಿಯವ್ರು ಒಂದೂರಾಗ, ಇನ್ನೊಂದು ಕಡಿಯವ್ರು ಬ್ಯಾರೆ ಊರಾಗ ಕುಂತ್ರು. ನಡುವ ಕುದುರಿಮ್ಯಾಲ ಚೀಟಿ ಓಡ್ಯಾಡಿದ್ವು. ಅಲ್ಲೀತನಕ ಹೊಲದಾಗ ಮಂದಿ ಸಾಯಾಕತ್ತಿದ್ರು. ನಾಚಿಕಿ ಬರಂಗಿಲ್ಲೇನ್ರಿ?"

ಇಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಮಾತು ನಾಟಿತು ಅಂತ ನನಗೆ ಒಳಗೊಳಗೇ ಹೆಮ್ಮೆ.

ಖಾನಾವಳಿಯವರು ಗಂಟಲು ಸರಿಮಾಡಿಕೊಂಡರು. "ಅಕ್ಕೋರು ಹೇಳೂದು ಬರೋಬ್ಬರಿ ಅದ. ನಾವು ಇಲ್ಲೇ ಶಹಾಪುರದಾಗ ಕುಂದರ್ತೀವಿ. ಅವ್ರಿಗೆ ಬಾಜೂ ಊರು ಭೀಮರಾಯನಗುಡಿಯಾಗ ಕುಂದ್ರಸ್ರಿ."

"ನಡೀತದ," ಅಂದರು ಗೊಬ್ಬರದವರು.

ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. "ಚಲೋ ಆತ್ರಿ ಅಕ್ಕೋರ. ಕುದುರಿ ಯಾರು ಅನ್ನೂದೂ ನೀವಾ ಹೇಳಿಬಿಡ್ರಿ."

ಶಲ್ಯ

ಯಾದಗಿರಿಯಲ್ಲಿ ಒಂದು ಚುನಾವಣೆಯ ಕಾಲ. ಸ್ಟೇಷನ್ನಿನಿಂದ ಆಟೊ ಹತ್ತಿದೆ. ಡ್ರೈವರಣ್ಣ ಒಂದು ಓಣಿಯಲ್ಲಿ ಒಂದು ಬಣ್ಣದ ಶಲ್ಯ ಕೊರಳಿಗೆ ಹಾಕಿದ, ತಿರುವು ಬಂದ ಕೂಡಲೇ ಅದನ್ನು ಸೀಟಿನ ಕೆಳಗೆ ತುರುಕಿ ಇನ್ನೊಂದು ಬಣ್ಣದ್ದು ತೆಗೆದ.

ನಾನು ನಕ್ಕೆ. ಆ ಕಾಲದ ಯುರೋಪಿನ ಸೈನಿಕರಿಗೂ ಯೂನಿಫಾರ್ಮ್ ಇರಲಿಲ್ಲ, ಬಣ್ಣದ ಪಟ್ಟಿ ಕಟ್ಟಿಕೊಂಡು ಯಾರ ಕಡೆ ಅಂತ ತೋರಿಸುತ್ತಿದ್ದರು, ಸೆರೆ ಸಿಕ್ಕರೆ ಪಟ್ಟಿ ಬದಲಿಸಿ ಗೆದ್ದವರ ಕಡೆ ಸೇರುತ್ತಿದ್ದರು ಅಂತ ಹೇಳಿದೆ.

"ಸೆರಿ ಸಿಗೂತನಕ ಯಾಕ ಕಾಯ್ತಿದ್ರೋ, ಹುಚ್ಚರು," ಅಂದ ಅವನು.

ಗಾಂಧಿ ಚೌಕಿನ ಹತ್ತಿರ ಬಾವುಟ ಹಿಡಿದ ಹುಡುಗರ ಗುಂಪು ಆಟೊ ತಡೆಯಿತು. ಒಬ್ಬ ತಲೆ ಒಳಗೆ ಹಾಕಿ, "ಅಕ್ಕೋರ, ಒಂದ್ಸಲ ಜೈ ಅನ್ರಿ, ಬಿಡ್ತೀವಿ" ಅಂದ.

"ಅನ್ನಂಗಿಲ್ಲ," ಅಂದೆ.

"ಅಂದ್ರ ನೀವು ಅವ್ರ ಕಡಿಯವ್ರು."

"ಅವ್ರು ತಡದ್ರೂ ಅನ್ನಂಗಿಲ್ಲ. ನನ್ನ ಬಾಯಿ, ನನ್ನ ಮರ್ಜಿ. ದಾರಿ ಬಿಡ್ರಿ."

ಹುಡುಗರು ಆಟೊ ಅಲುಗಾಡಿಸತೊಡಗಿದರು. ಡ್ರೈವರಣ್ಣ ಯಾವ ಶಲ್ಯ ತೆಗೆಯಲಿ ಅಂತ ಸೀಟಿನ ಕೆಳಗೆ ತಡಕಾಡುತ್ತಿದ್ದ. ನಾನು ಬ್ಯಾಗು ಎದೆಗೆ ಒತ್ತಿಕೊಂಡು ಕೂತೆ, ಇಳಿಯಲಿಲ್ಲ. ಅಷ್ಟರಲ್ಲಿ ಬಾವುಟದ ದೊಡ್ಡ ಕೋಲು ಹಿಡಿದ ಒಬ್ಬ ಮುಂದೆ ಬಂದು ನನ್ನ ಮುಖ ನೋಡಿದ. ಹಳೆಯ ವಿದ್ಯಾರ್ಥಿ. ಅವನ ಮುಖವೇ ಬಿಳಿಚಿಕೊಂಡಿತು.

"ಲೇ, ಬಿಡ್ರಲೇ!" ಅಂತ ಕೂಗಿದ. "ನಮ್ಮ ಹಿಸ್ಟ್ರಿ ಮೇಡಂ! ಇಲ್ಲೇ ಹಿಡ್ಕೊಂಡ್ರ ಪಾಠ ಚಾಲೂ ಮಾಡ್ತಾರ!"

ಅಷ್ಟು ದೊಡ್ಡ ಗುಂಪು ಅಷ್ಟು ಜಲ್ದಿ ಚದುರಿದ್ದನ್ನು ನಾನು ಯಾವ ಯುದ್ಧದಲ್ಲೂ ಓದಿಲ್ಲ.

ಮೈಕು

ಯಾದಗಿರಿಯಲ್ಲಿ ನಾನು ಕಲಿಸುತ್ತಿದ್ದ ಕಾಲೇಜಿನ ವಾರ್ಷಿಕೋತ್ಸವಕ್ಕೆ ನನ್ನ ಭಾಷಣ ಇಟ್ಟಿದ್ದರು. ವಿಷಯ ನಾನೇ ಕೊಟ್ಟಿದ್ದೆ: ಧರ್ಮ ಮತ್ತು ಯುದ್ಧ. ಹಿಂದಿನ ದಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕರೆಸಿದರು.

"ಮೇಡಂ, ನಾಳೆ ಇಬ್ರು ಲೀಡರು ಬರಾಕತ್ತಾರ. ಒಬ್ರು ಈ ಕಡಿ, ಒಬ್ರು ಆ ಕಡಿ. ಇಬ್ರೂ ಈ ವರ್ಷ ಮಠ, ಗುಡಿ, ದರ್ಗಾ ಎಲ್ಲ ತಿರಿಗ್ಯಾಡಾಕತ್ತಾರ. ನಿಮ್ಮ ಆ ಕುರ್ಚಿ ಮಾತು ಹೇಳಬ್ಯಾಡ್ರಿ. ಪರಿಸರದ ಮ್ಯಾಲ ಮಾತಾಡ್ರಿ."

"ಪರಿಸರದ ಮ್ಯಾಲ ಮಾತಾಡಾಕ ಬಾಟನಿ ಮೇಡಂ ಅದಾರಲ್ರಿ. ನಾನು ಮಾತಾಡಿದ್ರ ಅದನ್ನಾ ಮಾತಾಡ್ತೀನಿ."

"ಮುಂದಿನ ವರ್ಷ ನಿಮ್ಮನ್ನ ತಗೊಳ್ಳೂದು ನನ್ನ ಕೈಯಾಗ ಅದ," ಅಂದರು ಅವರು.

"ಈ ವರ್ಷದ ಮಾತು ನನ್ನ ಬಾಯಾಗ ಅದಲ್ರಿ," ಅಂದು ಎದ್ದು ಬಂದೆ.

ಮರುದಿನ ಲೀಡರುಗಳಿಬ್ಬರೂ ವೇದಿಕೆಯ ಎರಡು ತುದಿಗೆ ಕೂತಿದ್ದರು. ನಾನು ಒಂದು ಮಾತೂ ಬಿಡದೆ ಹೇಳಿದೆ. ಬೆಳಿಗ್ಗೆ ಚರ್ಚಿಗೆ ಹೋಗಿ ಮೊಣಕಾಲೂರಿ, ಸಂಜೆಗೆ ಪಕ್ಕದವನ ನಾಡಿಗೆ ಬಾಯಲ್ಲಿ ನೀರೂರಿಸಿಕೊಂಡ ಅರಸರ ಬಗ್ಗೆ ಹೇಳಿದೆ. ಗದ್ದುಗೆಗಾಗಿ ಧರ್ಮವನ್ನೇ ಬದಲಿಸಿದವರ ಬಗ್ಗೆ ಹೇಳಿದೆ. ತಮ್ಮ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಬಡವರ ಮಕ್ಕಳಿಗೆ "ದೇವರಿಗಾಗಿ ಸಾಯಿರಿ" ಅಂದವರ ಬಗ್ಗೆ ಹೇಳಿದೆ. ಕೊನೆಗೆ ನನ್ನ ಕುರ್ಚಿಯ ಮಾತು. ಹುಡುಗರ ಚಪ್ಪಾಳೆ ನಿಲ್ಲಲೇ ಇಲ್ಲ. ಲೀಡರುಗಳಿಬ್ಬರೂ ಕಲ್ಲಿನ ಹಾಗೆ ಕೂತಿದ್ದರು. ಕಾರ್ಯದರ್ಶಿಗಳು ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು.

ಸೋಮವಾರ ಕರೆ ಬಂತು. ಮುಗಿಯಿತು ಅಂದುಕೊಂಡೇ ಹೋದೆ. ಕಾರ್ಯದರ್ಶಿಗಳ ಮುಖದಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಿತ್ತು.

"ಮೇಡಂ, ಇಬ್ರೂ ಫೋನ್ ಮಾಡಿದ್ರು. ಇಬ್ರಿಗೂ ನಿಮ್ಮ ಭಾಷಣ ಭಾಳ ಸೇರ್ಯಾದ. ತಮ್ಮ ವಿರೋಧಿಗೆ ಮುಖದ ಮ್ಯಾಲ ಹೊಡದಂಗ ಹೇಳಿದ್ರಿ ಅಂತ ಒಬ್ರಿಗಿಂತ ಒಬ್ರು ಖುಷಿ ಆಗ್ಯಾರ. ಅದಾ ಭಾಷಣ ತಮ್ಮ ತಮ್ಮ ಊರಾಗ ಮಾಡಬೇಕಂತ."

ಅವರ ಮಾತು ಮುಗಿಯುವುದರೊಳಗೆ ನನ್ನ ಫೋನೇ ರಿಂಗಾಯಿತು. ಲೀಡರುಗಳಲ್ಲೊಬ್ಬರು.

"ಅಕ್ಕೋರ, ಮಸ್ತ್ ಹೇಳಿದ್ರಿ! ನಮ್ಮೂರಿಗೂ ಬರ್ರಿ. ಆದ್ರ ಈ ಸಲ ಅಡ್ಡಗ್ವಾಡಿ ಮ್ಯಾಲ ದೀಪ ಇಡಬ್ಯಾಡ್ರಿ. ಆ ಕಳ್ಳ ಯಾರು ಅಂತ ಹೆಸರು ಹಿಡದು ಹೇಳಿಬಿಡ್ರಿ. ಹೆದರಬ್ಯಾಡ್ರಿ, ನಾ ಅದೀನಿ."

"ಹೆದರಿಕಿ ಏನಿಲ್ರಿ. ಬರ್ತೀನಿ, ಹೆಸರೂ ಹೇಳ್ತೀನಿ," ಅಂದೆ. "ನೀವು ಮುಂದಿನ ಸಾಲಿನ್ಯಾಗ ಬಂದು ಕುಂದರ್ರಿ. ಯಾರ್ಯಾರ ಹೆಸರು ಬರ್ತಾವ ಅಂತ ನೀವಾ ಎದುರಿಗೆ ಕೇಳೀರಂತ."



"ಅಕ್ಕೋರ... ಅವತ್ತು ನಾನು ಊರಾಗ ಇರಂಗಿಲ್ರಿ."

"ಯಾವತ್ತು ಅಂತ ನಾ ಇನ್ನಾ ಹೇಳೇ ಇಲ್ಲಲ್ರಿ!"