ಅವ್ವನ ಸೀರೆಯ ಸಮುದ್ರಯಾನ

ಮಿರಜದ ಪೇಟೆಯಲ್ಲಿ ಮೀನಿನ ಓಣಿ ಬಂದರೆ ನಾನು ಇವತ್ತಿಗೂ ಉಸಿರು ಬಿಗಿಹಿಡಿದೇ ದಾಟುವವನು. ನಮ್ಮ ಲಿಂಗವಂತ ಮನೆತನದಲ್ಲಿ ಆ ವಿಷಯ ಬಹಳ ಬಿಗಿ. ಅಂಥವನು ಇಷ್ಟು ವರ್ಷ ಮೀನುಗಳಿಗೆ ಊಟ ಬಡಿಸುತ್ತಿದ್ದೆ, ಅದೂ ಅವ್ವನ ಸೀರೆಯನ್ನೇ ಬಡಿಸುತ್ತಿದ್ದೆ ಅಂದರೆ ನಂಬುತ್ತೀರಾ?

ಅದು ಅಪ್ಪ ನಮ್ಮ ಬಟ್ಟೆ ಅಂಗಡಿಯಿಂದ ಅವ್ವನಿಗೆ ತಂದುಕೊಟ್ಟ ಮೊದಲ ಪಾಲಿಸ್ಟರ್ ಸೀರೆ, ಹಸಿರು ಬಣ್ಣದ್ದು. ಕೃಷ್ಣೆಯ ಘಾಟಿನಲ್ಲಿ ಅದನ್ನು ಒಗೆಯುತ್ತ ಅವ್ವ, "ಬಣ್ಣಾ ಹೋಗಂಗಿಲ್ಲ, ಎಳಿ ಬಿಡಂಗಿಲ್ಲ. ನಮ್ಮ ಮನಿ ಗಂಡಸರಕಿಂತ ಗಟ್ಟಿ ಐತಿ" ಎಂದು ಪಕ್ಕದ ಕಲ್ಲಿನವರಿಗೆ ಕೇಳುವಂತೆ ಹೇಳುತ್ತಿದ್ದಳು. ಅವಳ ನೂಲಿನ ಸೀರೆಗಳೆಲ್ಲ ಹರಿದು, ಮಡಚಿ, ಹೊಲಿದು ಕೌದಿಗಳಾದವು. ಇದೊಂದು ಮಾತ್ರ ಸೂಜಿಯ ಕೆಳಗೆ ಜಾರಿ ಜಾರಿ ಸೀರೆಯಾಗಿಯೇ ಉಳಿಯಿತು. ಅವ್ವ ಹೋದ ಮೇಲೆ ಅದೇ ನನ್ನ ಹೊದಿಕೆ. ಇಷ್ಟು ವಯಸ್ಸಾದರೂ ಅದಿಲ್ಲದೆ ನಿದ್ದೆ ಹತ್ತುವುದಿಲ್ಲ. ನನ್ನ ಹೆಂಡತಿ ಶಾಂತಾ ವಾರಕ್ಕೊಮ್ಮೆ ಅದನ್ನು ಮಷೀನಿಗೆ ಹಾಕುತ್ತಿದ್ದಳು.

ಹೋದ ದೀಪಾವಳಿಗೆ ತಂಗಿಯ ಮಗಳು ಸ್ವಾತಿ ಬಂದಳು. ರತ್ನಾಗಿರಿಯಲ್ಲಿ ಸಮುದ್ರಜೀವಿಗಳ ಬಗ್ಗೆ ಓದುವ ಹುಡುಗಿ. ಬಂದವಳೇ ನನ್ನ ಹಳೇ ಧೋತರ ಹರಿದು ಮಷೀನಿನ ನೀರು ಹೋಗುವ ಪೈಪಿನ ಬಾಯಿಗೆ ಕಟ್ಟಿದಳು. ಅವ್ವನ ಸೀರೆ ಒಗೆದಾದ ಮೇಲೆ ಬಿಚ್ಚಿ ನೋಡಿದರೆ ಒಳಗೆ ಹಸಿರು ಎಳೆಗಳ ನವಿರು ಜೂಲು.

"ಮಾಮಾ, ಇದ ನೋಡ್ರಿ ಆಜೀ ಸೀರೀದು. ಪಾಲಿಸ್ಟರ್ ಅಂದ್ರ ಪ್ಲಾಸ್ಟಿಕ್ಕ ಅಲ್ಲೇನ್ರಿ. ಗಟಾರದಿಂದ ಕೃಷ್ಣಾಕ್ಕ, ಅಲ್ಲಿಂದ ಸಮುದ್ರಕ್ಕ ಹೋಗ್ತದ. ಮೀನಾ, ಏಡಿ ತಿಂತಾವ. ಹೊಟ್ಟಿ ತುಂಬಿದಂಗ ಆಗ್ತದ, ಮೈಗೆ ಏನೂ ಹತ್ತಂಗಿಲ್ಲ. ಸೊರಗ್ತಾವ ಪಾಪ!"

"ಅಯ್ಯ ಶಿವನ!" ಅಂದಳು ಶಾಂತಾ. "ನಮ್ಮತ್ತಿ ಬಾಗಲಕ್ಕ ಬಂದವರನ್ನ ಒಂದಿನಾನೂ ಉಪಾಸ ಕಳಿಸಿದಾಕಿ ಅಲ್ಲ."

ಆ ಮಾತು ಎದೆಗೆ ನಾಟಿತು. ಅವ್ವ ಸಮುದ್ರ ಕಂಡವಳಲ್ಲ. ಪ್ರತಿ ಸಲವೂ ಕೊಂಕಣಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದ ಅಪ್ಪನಿಗೆ ಪ್ರತಿ ಸಲವೂ ಲಗ್ನದ ಸೀಜನ್ ಅಡ್ಡ ಬರುತ್ತಿತ್ತು. ಈಗ ಎಳೆ ಎಳೆಯಾಗಿ ಹೋಗುತ್ತಿದ್ದಾಳೆ, ಹೋಗಿ ಮೂಕಪ್ರಾಣಿಗಳಿಗೆ ಸುಳ್ಳು ಊಟ ಬಡಿಸುತ್ತಿದ್ದಾಳೆ. ಜೂಲನ್ನು ಅಂಗೈಯಲ್ಲಿ ಹಿಡಿದು ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಳು ಬಂತು. ಪ್ರತಿ ಒಗೆತಕ್ಕೂ ಅವ್ವ ಅಷ್ಟಷ್ಟು ಕಡಿಮೆಯಾಗಿದ್ದಳಲ್ಲ!

"ಇನ್ನ ಇದನ್ನ ಒಗಿಯೂದು ಬ್ಯಾಡ" ಎಂದು ಸಾರಿಬಿಟ್ಟೆ. "ಅಷ್ಟೇನ ಬ್ಯಾಡ್ರಿ ಮಾಮಾ, ಅಪರೂಪಕ್ಕ ಒಗದ್ರ ಸಾಕು, ಧೋತರಾ ಕಟ್ರಿ" ಎಂದು ಸ್ವಾತಿ ಹೇಳಿದ್ದು ಕಿವಿಗೆ ಬೀಳಲಿಲ್ಲ.

ಚಳಿಗಾಲ ಕಳೆಯಿತು, ಬೇಸಿಗೆ ಬಂತು. ಒಂದು ರಾತ್ರಿ ಶಾಂತಾ ದಿಂಬನ್ನು ನನ್ನ ಕೈಗಿಟ್ಟು, "ಸೀರಿ ಒಗಸ್ರಿ, ಇಲ್ಲಾ ಹೊರಗ ಮಲಗ್ರಿ" ಅಂದಳು. ತತ್ವ ಬಿಡುವುದುಂಟೆ? ಪಡಸಾಲೆಗೆ ಬಂದೆ. ಅವ್ವನ ವಾಸನೆ ಇವಳಿಗೇನು ಗೊತ್ತು ಎಂದು ಸೀರೆಯನ್ನು ಮೂಗಿನತನಕ ಎಳೆದುಕೊಂಡು ಜೋರಾಗಿ ಉಸಿರೆಳೆದೆ. ಅವ್ವನ ವಾಸನೆ ಯಾವ ಕಾಲಕ್ಕೋ ಹೋಗಿತ್ತು. ಬರುತ್ತಿದ್ದದ್ದು ಅಪ್ಪಟ ನನ್ನದೇ. ಅವ್ವ ಇದ್ದಿದ್ದರೆ ಸೀರೆಯನ್ನು ಆಮೇಲೆ ನೋಡುತ್ತಿದ್ದಳು, ಮೊದಲು ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗುತ್ತಿದ್ದಳು.